ನೆರಳಲ್ಲಿ ಕಾದ ಸಸಿಗಳು

ವಡ್ಡು ಊರಿನ ನಮ್ಮ ಶಾಲೆಯಲ್ಲಿ ಜೂನ್ ಬಂತೆಂದರೆ ಸಸಿ ನೆಡುವ ಗಡಿಬಿಡಿ. ಆ ವರ್ಷ ಗುದ್ದಲಿ ಹಿಡಿ ಎಂದರೆ ಏಳನೇ ತರಗತಿಯ ಒಡಿಶಾದ ಹುಡುಗಿ ಕೈಕಟ್ಟಿ ನಿಂತುಬಿಟ್ಟಳು. ಅವಳಪ್ಪ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದವನು. ಅವಳಿಗೆ ಕನ್ನಡ ಇನ್ನೂ ಸರಿಯಾಗಿ ಬಾರದು. "ಬ್ಯಾಡ ಟೀಚರ್" ಎಂದಳೇ ಹೊರತು ಕಾರಣ ಹೇಳಲಾಗಲಿಲ್ಲ. ಮೇಲಾಗಿ ಕೈತುಂಬ ಹೊಸ ಬಳೆ, ಪಾದಕ್ಕೆ ಕೆಂಪು ಬಣ್ಣ.

"ಶೋಕಿ ನೋಡ್ರಿ ಈಕಿದು" ಎಂದಳು ತರಗತಿಯ ಲೀಡರಮ್ಮ, ರೈತರ ಮನೆಯ ಗಟ್ಟಿಗಿತ್ತಿ. ಎಲ್ಲರೂ ನಕ್ಕರು. ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮರುದಿನ ಹುಡುಗಿ ಬರಲಿಲ್ಲ.

ಹೀಗೆ ಮುನಿಸಿಕೊಂಡು ಮನೆಯಲ್ಲಿ ಉಳಿದ ಹುಡುಗಿಯರು ತಮ್ಮ ತಂಗಿಯರನ್ನು ಆಡಿಸುತ್ತ ಶಾಲೆಯನ್ನೇ ಮರೆತದ್ದನ್ನು ಕಂಡಿದ್ದೆ. ಸಂಜೆ ಲೀಡರಮ್ಮನನ್ನೂ ಕರೆದುಕೊಂಡು ಆ ಹುಡುಗಿಯ ಮನೆಯವರಿದ್ದ ಕಾರ್ಮಿಕರ ಶೆಡ್ಡಿಗೆ ಹೋದೆ. ಬೇವಿನ ಮರಕ್ಕೆ ಸೀರೆಯ ಜೋಕಾಲಿ ಕಟ್ಟಿ ತೂಗಿಕೊಳ್ಳುತ್ತಿದ್ದವಳು ನಮ್ಮನ್ನು ಕಂಡು ಒಳಗೋಡಿದಳು.

ತಾಯಿ ಹಿಂದಿಯಲ್ಲಿ ಹೇಳಿದಳು: ಇದು ನಮ್ಮ ಕಡೆಯ ಹಬ್ಬ, ಈ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ. ಯಾರೂ ನೆಲ ಅಗೆಯಬಾರದು. ಹೆಣ್ಣುಮಕ್ಕಳು ಕೆಲಸ ಬಿಟ್ಟು, ಬಳೆ ಬಣ್ಣ ತೊಟ್ಟು ಸಿಂಗರಿಸಿಕೊಂಡು ಜೋಕಾಲಿ ಆಡಬೇಕು. ಇದಕ್ಕೆ ನಗುವ ಶಾಲೆಗೆ ಮಗಳನ್ನು ಇನ್ನು ಕಳಿಸುವುದಿಲ್ಲ.

ನನ್ನ ಹಿಂದಿ ಪರೀಕ್ಷೆ ಪಾಸಾಗುವಷ್ಟರದು, ಸಮಾಧಾನ ಮಾಡುವಷ್ಟು ಇಲ್ಲ. ಲೀಡರಮ್ಮನಿಗೆ ವಿಷಯ ಕನ್ನಡದಲ್ಲಿ ತಿಳಿಸಿದೆ. ಅವಳು ಜೋಕಾಲಿಯನ್ನೇ ನೋಡುತ್ತ ಯೋಚಿಸಿದಳು.

"ಖರೇನ ಇರಬೇಕ್ರಿ ಟೀಚರ್. ಸೀಗಿ ಹುಣ್ಣಿವಿಗೆ ಭೂಮಿತಾಯಿ ಬಸುರಿ ಅಂತ ನಾವು ಹೊಲದಾಗ ಆಕಿಗೆ ಬಯಕಿ ಊಟದ ಚರಗ ಚೆಲ್ತೀವಿ. ಮುಟ್ಟಾಗದಲೇ ಬಸುರಿ ಹೆಂಗ ಆಗ್ತಾಳ್ರಿ?"

ನಾನು ನಕ್ಕು ನಕ್ಕು ಸುಸ್ತಾದೆ. ಮುರುಕು ಹಿಂದಿಯಲ್ಲಿ ಅದನ್ನು ಹೇಳಿದಾಗ ಆ ತಾಯಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹುಡುಗಿ ಬಾಗಿಲಲ್ಲಿ ಇಣುಕಿದಳು.

ನೆಡುವುದನ್ನು ಮುಂದೂಡೋಣ ಎಂದು ನಾನೆಂದಾಗ "ಇಲಾಖೆಗೆ ಫೋಟೊ ಕಳಿಸಬೇಕ್ರಿ ಮೇಡಂ" ಎಂದು ಹೆಡ್‌ಮಾಸ್ತರು ಗೊಣಗಿದರು. ಹಬ್ಬ ಮುಗಿಯುವವರೆಗೆ ಸಸಿಗಳು ವರಾಂಡದ ನೆರಳಲ್ಲೇ ಕೂತವು. ಆಮೇಲೆ ಗುದ್ದಲಿಗೆ ಮೊದಲು ಕೈ ಹಾಕಿದವಳು ಆ ಹುಡುಗಿಯೇ.

ಸೀಗಿ ಹುಣ್ಣಿಮೆಗೆ ಲೀಡರಮ್ಮ ನಮ್ಮಿಬ್ಬರನ್ನೂ ತಮ್ಮ ಹೊಲಕ್ಕೆ ಕರೆದೊಯ್ದಳು. ಚರಗದ ಬುಟ್ಟಿ ಒಡಿಶಾದ ಹುಡುಗಿಯ ಕೈಯಲ್ಲಿತ್ತು. ಜೋಳದ ಸಾಲಿನಲ್ಲಿ ನಾನು ದಡದಡ ನಡೆಯುತ್ತಿದ್ದೆ. ಬುಟ್ಟಿ ಹಿಡಿದು ಮುಂದಿದ್ದ ಹುಡುಗಿ ತಿರುಗಿ ನಿಂತು ನನ್ನನ್ನು ತಡೆದಳು.

"ಮೆಲ್ಲಕ ಬರ್ರಿ ಟೀಚರ್. ಬಸುರಿ ಅದಾಳ."