ಮುಂದೆ ನಡೆಯುವ ಬೆನ್ನು

ನಮ್ಮ ಚಿತ್ರದುರ್ಗದ ದೊಡ್ಡ ಪಾರ್ಕಿನಲ್ಲಿ ಎಲ್ಲರೂ ಬಲಕ್ಕೇ ಸುತ್ತುತ್ತಾರೆ. ಹಾಗಂತ ಬೋರ್ಡೇನೂ ಇಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಬೆಳೆದ ಕಾಲುಗಳು ಸಿಮೆಂಟಿನ ಹಾದಿ ಸಿಕ್ಕರೂ ಅದನ್ನೇ ಮಾಡುತ್ತವೆ. ಯಾರಾದರೂ ಎಡಕ್ಕೆ ಹೊರಟರೆ, ಅದು ಹೆಣ ಸುತ್ತುವ ರೀತಿ ಎಂದು ಹಿರಿಯರು ಬೈಯುತ್ತಾರೆ. ಹೀಗಾಗಿ ಇಲ್ಲಿ ಮುಂದೆ ಹೋಗುವವರ ಮುಖ ಕಾಣುವುದಿಲ್ಲ. ಬೆನ್ನು ಮಾತ್ರ.

ಅವ್ವ ತೀರಿಕೊಂಡ ಮೇಲೆ ನಾನು ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದೆ. ಮಾಗಿಯ ಚಳಿ. ಕೋಟೆಯ ಬಂಡೆಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ಹೊಂಗೆ ಮರಗಳನ್ನು ದಾಟುವಾಗ ಮುಂದೆ ಒಬ್ಬ ಹೆಂಗಸು ಕಂಡರು. ಎಡಗಾಲನ್ನು ತುಸು ಹೊರಗೆ ಚೆಲ್ಲುವ ನಡಿಗೆ. ಇಳಿಬಿದ್ದ ಬಲ ಹೆಗಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ಯಾರಿಗೋ ತಡವಾಗುತ್ತಿದೆ ಎಂಬಂಥ ಬಿರುಸು. ನಾನು ಅಲ್ಲೇ ನಿಂತೆ. ಅದು ಅವ್ವನ ಬೆನ್ನು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಪುಕ್ಕಟೆ ಬಂದದ್ದಲ್ಲ. ಹುಣಸೆಹಣ್ಣು ಕುಟ್ಟುವ ಕೂಲಿಗೆ ಹೋಗುತ್ತಿದ್ದ ಅವ್ವ, ನಸುಕಿನಲ್ಲೇ ನನ್ನನ್ನು ಎಬ್ಬಿಸಿ, ಕಾಲೇಜಿನ ಬಸ್ಸಿಗೆಂದು ಹೊಲಗಳ ನಡುವೆ ಐಮಂಗಲದ ಹೆದ್ದಾರಿಯವರೆಗೆ ಬರುತ್ತಿದ್ದಳು. ಪುಸ್ತಕದ ಚೀಲ ಅವಳ ತಲೆಯ ಮೇಲೆ. ಹಾವುಗೀವು ಇದ್ದರೆ ತನ್ನ ಕಾಲಿಗೇ ಸಿಗಲಿ ಎಂದು ಯಾವಾಗಲೂ ಅವಳೇ ಮುಂದೆ.

"ಬಿರ್ರನೆ ಬಾರೇ, ಬಸ್ಸೇನು ನಿಮ್ಮಪ್ಪಂದಾ?" ಎಂದು ತಿರುಗಿ ನೋಡದೆ ಅಲ್ಲಿಂದಲೇ ಕೂಗುವಳು.

ಈಗ ಅವ್ವನ ಮುಖ ನೆನೆಯಲು ಹೋದರೆ ಗೋಡೆಯ ಫೋಟೋ ಅಡ್ಡ ಬರುತ್ತದೆ. ಅದರಲ್ಲಿ ಅವಳು ಕ್ಯಾಮೆರಾಕ್ಕೆ ಹೆದರಿ ಕೂತಿದ್ದಾಳೆ. ಜೀವಂತವಾಗಿ ನನ್ನಲ್ಲಿ ಉಳಿದಿದ್ದು ಆ ಬೆನ್ನೊಂದೇ.

ಆದ್ದರಿಂದ ನಾನು ಆ ಹೆಂಗಸನ್ನು ದಾಟಲಿಲ್ಲ. ದಾಟಿದರೆ ಮುಖ ಕಾಣುತ್ತದೆ, ಮುಖ ಕಂಡರೆ ಅವ್ವ ಹೋಗುತ್ತಾಳೆ. ಅವರು ನಿಧಾನಿಸಿದರೆ ನಾನೂ ನಿಧಾನ. ಯುಗಾದಿ ಹೊತ್ತಿಗೆ ಬೇವಿನ ಹೂವು ಹಾದಿಯ ತುಂಬ ಉದುರಿ, ಅದರ ಮೇಲೆ ಅವರ ಚಪ್ಪಲಿಯ ಗುರುತು ಮೂಡುತ್ತಿತ್ತು. ಅದನ್ನು ತುಳಿಯದಂತೆ ಪಕ್ಕದಲ್ಲಿ ಕಾಲಿಡುತ್ತಿದ್ದೆ. ಬೇಸಿಗೆಯಲ್ಲಿ ಗುಲ್‌ಮೊಹರ್ ಕೆಂಪಗೆ ಉರಿಯಿತು. ಬಂಡೆಗಳು ಬೆಳಗಾಗುವ ಮೊದಲೇ ಬಿಸಿ ಉಗುಳುತ್ತಿದ್ದವು. ಆದರೂ ಅಷ್ಟು ಸುಖವಾಗಿ ನಾನೆಂದೂ ನಡೆದಿಲ್ಲ.

ಕೆಲವು ದಿನ ನಾನು ಪಾಠ ಹೇಳುವ ಕಾಲೇಜಿನ ಗಣಿತದ ಮೇಡಂ ಜೊತೆಗೆ ಬರುತ್ತಿದ್ದರು.

"ಏನ್ರೀ, ಮದಲಗಿತ್ತಿ ಹಿಂದೆ ಕಳಸಗಿತ್ತಿ ಹೋದಂಗೆ ಹೋಗ್ತೀರಲ್ಲ! ಆಯಮ್ಮನ್ನ ದಾಟಿ ಹೋಗಾಣ ಬರ್ರಿ."

"ನೀವ್ ಹೋಗ್ರಿ ಮೇಡಂ. ನಂಗೆ ಮಂಡಿ ನೋವು."

"ಈ ವಯಸ್ಸಿಗೇನಾ? ಕಾಲೇಜಲ್ಲಿ ಮೆಟ್ಲು ಹಾರ್ಕೊಂಡು ಹತ್ತೋವಾಗ ಎಲ್ಲಿಟ್ಟಿರ್ತೀರಿ ಆ ಮಂಡೀನ?"

ಅವರು ನಕ್ಕು ಮುಂದೆ ಹೋದರು. ತಿರುವಿನಲ್ಲಿ ಆ ಹೆಂಗಸಿನ ಜೊತೆ ಏನೋ ಮಾತಾಡಿದ್ದು ಕಂಡಿತು. ನನಗೆ ಹೊಟ್ಟೆಕಿಚ್ಚಾಯಿತು.

ಆಷಾಢದ ಗಾಳಿ ನಮ್ಮ ದುರ್ಗದಲ್ಲಿ ಬೀಸುವುದಿಲ್ಲ, ನೂಕುತ್ತದೆ. ಒಂದು ಬೆಳಿಗ್ಗೆ ಹಾದಿಯಲ್ಲಿ ಆ ಹೆಂಗಸು, ನಾನು ಇಬ್ಬರೇ. ಸೊಂಟದಿಂದ ಬಿಚ್ಚಿಕೊಂಡ ಸೆರಗು ಹಾರಿ ಅವರ ತಲೆಗೆ ಮುಸುಕಿಕೊಂಡಿತು. ಅವರು ತಡವರಿಸಿ ನಿಂತರು. ಸೆರಗು ಎಳೆದುಕೊಳ್ಳುತ್ತಾ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ನೋಡಿಬಿಟ್ಟಿದ್ದೆ.

ಉದ್ದ ಮುಖ. ಎರಡೂ ಕಡೆ ಮೂಗುಬೊಟ್ಟು. ಹಣೆಯ ಮೇಲೆ ಅಗಲವಾದ ವಿಭೂತಿ. ಅವ್ವನ ಒಂದು ಗೆರೆಯೂ ಅಲ್ಲಿರಲಿಲ್ಲ.

"ನೀನೇನಮ್ಮ ದಿನಾ ನನ್ ಹಿಂದೆ ಬರೋಳು?" ಎಂದರು. "ಯಾವಳೋ ಸರಗಳ್ಳಿ ಅಂತ ಮನೇಲೆಲ್ಲ ಹೇಳಿದ್ದೆ ಕಣೇ! ತಿರುಗಿ ನೋಡಾಕೂ ಹೆದ್ರಿಕೆ."

"ಅಯ್ಯೋ, ಇಲ್ಲಮ್ಮ. ಕಾಲೇಜಲ್ಲಿ ಪಾಠ ಹೇಳ್ತೀನಿ."

"ಅಂಗಾದ್ರೆ ಸರಿ ಬಿಡು. ಗಾಳಿ ಜೋರೈತೆ, ಕೈ ಕೊಡು."

ಕೊಟ್ಟೆ. ಅವರ ಕೈ ಬೆಚ್ಚಗಿತ್ತು. ಗೇಟಿನವರೆಗೆ ಬಿಡಲಿಲ್ಲ.

ಮಾರನೆಯ ದಿನ ಅವರು ಗೇಟಿನಲ್ಲೇ ಕಾದಿದ್ದರು. "ಒಬ್ಳೇ ಯಾಕೆ, ಜೊತೇಲೇ ಹೋಗಾಣ ಬಾ" ಎಂದರು. ಒಲ್ಲೆ ಎನ್ನಲಾಗಲಿಲ್ಲ. ಇರುಳು ತುಂತುರು ಬಿದ್ದು ಹುಲ್ಲಿಗೆ ಹಸಿರು ಬಂದಿತ್ತು. ಸೊಸೆಯ ಸುದ್ದಿ ಹೇಳುತ್ತಾ ಅವರು ನನ್ನ ಪಕ್ಕದಲ್ಲೇ ನಡೆದರು, ನಾನು ಹೂಂಗುಟ್ಟಿದೆ. ಮಾತಿನ ನಡುವೆ ಒಮ್ಮೆ ತಲೆಯೆತ್ತಿ ಮುಂದೆ ನೋಡಿದೆ. ತಿರುವಿನವರೆಗೂ ಹಾದಿ ಬರಿದಾಗಿತ್ತು.