ನಲವತ್ತಮೂರನೇ ಚಿತ್ರ

ಕಾರ್ಟೂನ್ ತಯಾರಿಸುವ ಆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಇರುವೆ ಎಂದೇ ಕರೆಯುತ್ತಿದ್ದರು. ಉಳಿದವರು ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ, ಅವಳು ಮಾತ್ರ ಒಂದೊಂದೇ ಚಿತ್ರ ಹೊತ್ತುಕೊಂಡು ಸಾಗುತ್ತಿದ್ದಳು. ಒಂದು ಸೆಕೆಂಡಿನ ಚಲನೆಗೆ ಹನ್ನೆರಡು ಚಿತ್ರ. ಕಂಪ್ಯೂಟರಿನ ಪರದೆಯಲ್ಲಿ ಹಿಂದಿನ ಚಿತ್ರ ತೆಳು ಕೆಂಪಾಗಿ, ಮುಂದಿನದು ತೆಳು ಹಸಿರಾಗಿ ಕಾಣುತ್ತದೆ. ಆ ಎರಡು ನೆರಳುಗಳ ನಡುವೆ ಈಗಿನದನ್ನು ಬಿಡಿಸಬೇಕು.

ಬೆಳಿಗ್ಗೆ ಕೈ ಸಡಿಲವಾಗಲೆಂದು ಅವಳು ಮೊದಲು ಅಕ್ಕನ ಮುಖ ಬರೆಯುತ್ತಿದ್ದಳು. ಕೆಲಸದ ಚಿತ್ರಕ್ಕೆ ತಾಗದಂತೆ ಪರದೆಯ ಬೇರೆ ಪದರದ ಮೇಲೆ ಬರೆದು, ಅಳಿಸಿ, ಆಮೇಲೆ ಕೆಲಸ. ಎಲ್ಲಿಗೆ ಹೊರಟರೂ ಮೂರನೇ ಮೆಟ್ಟಿಲಲ್ಲಿ ಒಮ್ಮೆ ತಿರುಗಿ ನೋಡುವುದು ಅಕ್ಕನ ಅಭ್ಯಾಸವಾಗಿತ್ತು. ಆ ನೋಟವನ್ನೇ ಬರೆಯುತ್ತಿದ್ದಳು. ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು. ತಂಗಿಗೆ ಈಗ ಇಪ್ಪತ್ತನಾಲ್ಕು. ಪರದೆಯಲ್ಲಿ ಅಕ್ಕನೇ ಚಿಕ್ಕವಳು. ಅಮ್ಮ ಫೋಟೊಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ ಏಳು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಒಂದು ಭಾನುವಾರ, ಮಕ್ಕಳ ಕಥೆಯೊಂದಕ್ಕೆ ಮಾಡಿದ ದೃಶ್ಯವನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿದಳು. ಪುಟ್ಟ ಹುಡುಗಿಯೊಬ್ಬಳು ಮೆಟ್ಟಿಲಿಳಿಯುತ್ತಾಳೆ, ಅಷ್ಟೇ. ಅಮ್ಮ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ವಾರವೆಲ್ಲಾ ಕೂತು ಇಷ್ಟೇನಾ? ನಿನ್ನ ಕೈಗೆ ಅಡುಗೆ ಕೊಟ್ರೆ ನಾವು ಉಪವಾಸನೇ," ಎಂದವಳ ಸೂಜಿ ತಟ್ಟನೆ ನಿಂತಿತು. "ಇನ್ನೊಂದ್ಸಲ ಹಾಕು."

ಹಾಕಿದಳು.

"ತಿರುಗಿ ನೋಡಿದ್ಲು."

"ಯಾರಮ್ಮ?"

"ಯಾರು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ."

ಇರುವೆ ಒಂದೊಂದೇ ಚಿತ್ರ ಸರಿಸಿ ನೋಡಿದಳು. ನಲವತ್ತಮೂರನೆಯದರಲ್ಲಿ ಹುಡುಗಿ ಇರಲಿಲ್ಲ. ಅಕ್ಕ ಇದ್ದಳು. ಯಾವುದೋ ಬೆಳಿಗ್ಗೆ ಪದರ ಬದಲಿಸಲು ಮರೆತು, ಹುಡುಗಿಯ ಪದರದಲ್ಲೇ ಅಕ್ಕನನ್ನು ಬರೆದು ಬಿಟ್ಟುಬಿಟ್ಟಿದ್ದಳು. ನೂರು ಸಲ ಆಡಿಸಿ ನೋಡಿದ್ದರೂ ಅವಳಿಗೆ ಕಂಡಿರಲಿಲ್ಲ. ಆ ಮುಖ ಕಣ್ಣಿಗೆ ಅಷ್ಟು ರೂಢಿಯಾಗಿತ್ತು.

"ನಾಳೆ ಕೊಡ್ಬೇಕಮ್ಮ. ಅಳಿಸ್ತೀನಿ. ಫೋನಲ್ಲಿರೋದು ನಿನಗಿರಲಿ."

"ಫೋನಲ್ಲೂ ಬಚ್ಚಿಡ್ಬೇಕಾ? ಏಳು ವರ್ಷ ಕಪಾಟಲ್ಲಿ ಕೂಡಿಹಾಕಿದ್ದು ಸಾಲ್ದಾ? ಒಂದ್ಸಲ ನಾಲ್ಕು ಜನರ ನಡುವೆ ಹೋಗ್ಬರ್ಲಿ ಬಿಡು."

ಅಳಿಸದಿದ್ದರೆ ಕೆಲಸ ಹೋಗುತ್ತದೆ. ಅಳಿಸಿದರೆ ಅಕ್ಕನನ್ನು ತನ್ನ ಕೈಯಾರೆ ಮತ್ತೆ ಕಳಿಸಿದಂತೆ.

ಮರುದಿನ ಅಳಿಸಿದಳು. ಅಲ್ಲಿಗೆ ಹುಡುಗಿಯ ಚಿತ್ರ ಬರೆದು ತುಂಬಬೇಕಿತ್ತು, ಕೈ ಏಳಲಿಲ್ಲ. ಚಿತ್ರ ಇಲ್ಲದ ಕಡೆ ಹಿಂದಿನದೇ ಉಳಿಯುತ್ತದೆ. ನಲವತ್ತೆರಡನೆಯದು ಇನ್ನೊಂದು ಗಳಿಗೆ ಹಾಗೇ ನಿಂತಿತು.

ದೃಶ್ಯ ನೋಡಿದ ಆಫೀಸಿನ ಮೇಲಧಿಕಾರಿ ಕನ್ನಡಕ ಏರಿಸಿದರು. "ಮೂರನೇ ಮೆಟ್ಟಿಲಲ್ಲಿ ಯಾಕೆ ನಿಂತ್ಲು?"

"ಹಿಂದಿನಿಂದ ಯಾರೋ ಕರೆದಂಗಾಯ್ತು ಸಾರ್."

ಅವರು ಇನ್ನೆರಡು ಸಲ ಆಡಿಸಿದರು. "ಇರುವೆ ಸುಮ್ಸುಮ್ನೆ ನಿಲ್ಲಲ್ಲ ಬಿಡು. ಹೀಗೇ ಇರಲಿ."

ಸಂಜೆ ಆ ದೃಶ್ಯವಿದ್ದ ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ನೋಡಿ, ಹುಡುಗಿ ನಿಂತ ಕಡೆ ಬೆರಳಿಟ್ಟಳು.

"ಇಲ್ಲೇ ತಾನೆ?"

"ಹೂಂ. ಇಲ್ಲೇ."

ಇರುವೆ ಒಳಗೆ ಹೋಗಿ ತಟ್ಟೆ ಹಾಕಿದಳು. ಹೊರಗೆ ದೃಶ್ಯ ಮತ್ತೆ ಮತ್ತೆ ಓಡುತ್ತಿತ್ತು. ಪ್ರತಿ ಸಲವೂ, ಹುಡುಗಿ ನಿಲ್ಲುವ ಹೊತ್ತಿಗೆ ಸರಿಯಾಗಿ, ಅಮ್ಮನ ದನಿ ಕೇಳುತ್ತಿತ್ತು: "ಹುಷಾರಾಗಿ ಹೋಗ್ಬಾ."