ತೊಟ್ಟು ಹಿಡಿಯುವ ಅಂಜಿಕೆ

ಇವತ್ತು ಬೆಳಗಿನಿಂದ ನಮ್ಮ ಅಡುಗೆಮನೆಯ ತುಂಬ ದ್ರಾಕ್ಷಿ ಕುದಿಯುವ ವಾಸನೆ. ನಾಳೆ ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ಕರ್ತನ ಭೋಜನ. ಅದಕ್ಕೆ ಬೇಕಾದ ರಸ ಮಾಡುವ ಪಾಳಿ ಬಹಳ ವರ್ಷಗಳಿಂದ ನನ್ನದೇ. ವಿಜಯಪುರದಲ್ಲಿ ಇದ್ದುಕೊಂಡು ದ್ರಾಕ್ಷಿಗೆ ಬರವೇ? ಹಣ್ಣಿಲ್ಲದ ತಿಂಗಳು ಒಣದ್ರಾಕ್ಷಿ ನೆನೆಸಿದರಾಯಿತು.

ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ಒಮ್ಮೆ ಏಳು ತಿಂಗಳು ನಾನು ರಸ ಮಾಡಿ ಕಳಿಸಿದೆ, ಕುಡಿಯಲಿಲ್ಲ. ರಸದ ಪುಟ್ಟ ಲೋಟಗಳ ತಟ್ಟೆ ನಮ್ಮ ಸಾಲಿಗೆ ಬರುವ ಹೊತ್ತಿಗೆ ನನಗೆ ತಪ್ಪದೆ ಕೆಮ್ಮು ಬರುತ್ತಿತ್ತು, ಎದ್ದು ಹೊರಗೆ ಹೋಗುತ್ತಿದ್ದೆ.

ಕಾರಣ ಹೇಳಲು ನಾಚಿಕೆ. ನನ್ನ ನೆಗೆಣ್ಣಿ ಸುಮಿತ್ರಾ, ಅಂದರೆ ಮೈದುನನ ಹೆಂಡತಿ, ಬಬಲೇಶ್ವರದಲ್ಲಿದ್ದಾಳೆ. ನಾನು ಮಾಡಿದ ಶೇಂಗಾ ಹೋಳಿಗೆ ದಪ್ಪವಾಗಿದೆ ಎಂದು ಆಕೆ ನಾಲ್ಕು ಜನರ ಮುಂದೆ ನಕ್ಕಿದ್ದಳು. ಅದೇ ವಾರ ಒಂದು ಮದುವೆಯ ಊಟದಲ್ಲಿ ನಿಡೋಣಿಯ ಹೆಣ್ಣುಮಗಳೊಬ್ಬಳು ನನ್ನ ಪಕ್ಕ ಕುಳಿತಳು. ಸುಮಿತ್ರಾಳ ಮಗಳು ರೂತಳನ್ನು ತನ್ನ ಮಗನಿಗೆ ತರುವ ವಿಚಾರ ಆಕೆಗೆ. “ಹುಡುಗಿ ಹೆಂಗದಾಳ್ರಿ?” ಎಂದು ಕೇಳಿದಳು.

“ಭಾಳ ಸಿಟ್ಟಿನಾಕಿ ಅದಾಳ್ರಿ. ಸಂಸಾರಕ್ಕ ಆಗೂದಿಲ್ಲ,” ಎಂದುಬಿಟ್ಟೆ. ಶುದ್ಧ ಸುಳ್ಳು. ಆ ಮನೆಯವರು ಹೆಣ್ಣು ನೋಡಲು ಬರಲೇ ಇಲ್ಲ.

ಯೋಗ್ಯತೆಯಿಲ್ಲದೆ ಈ ಭೋಜನ ಮುಟ್ಟಿದವರಿಗೆ ದಂಡನೆ ಎಂಬ ಎಚ್ಚರಿಕೆಯನ್ನು ಪಾಸ್ಟರು ಪ್ರತಿ ತಿಂಗಳೂ ಓದುತ್ತಾರೆ. ಅದು ನನಗೊಬ್ಬಳಿಗೇ ಓದಿದಂತೆ ಕೇಳತೊಡಗಿತು. ಹಾಲು ಒಡೆದರೆ ದೇವರ ಕೋಪ, ಕಾಲು ಉಳುಕಿದರೆ ದೇವರ ಏಟು. ಮಿಕ್ಸರ್ ಸುಟ್ಟಾಗಲಂತೂ ಅಡುಗೆಮನೆಯಲ್ಲೇ ಮೊಣಕಾಲೂರಿದೆ. ಲೋಕವನ್ನೆಲ್ಲ ನಡೆಸುವಾತ ಅದೆಲ್ಲ ಬಿಟ್ಟು ನನ್ನ ಮಿಕ್ಸರಿನ ಬೆನ್ನು ಹತ್ತಿದ್ದಾನೆ ಎಂದು ನಂಬುವಷ್ಟು ದೊಡ್ಡ ಮನುಷ್ಯಳಾಗಿದ್ದೆ ನಾನು! ಇಷ್ಟೆಲ್ಲ ನಡುಗಿದರೂ ಬಬಲೇಶ್ವರದ ಕಡೆ ಒಂದು ಹೆಜ್ಜೆ ಇಡಲಿಲ್ಲ ಎಂಬುದನ್ನು ಗಮನಿಸಿ.

ಹೀಗೆ ಏಳು ತಿಂಗಳು ಕಳೆದು ಎಂಟನೆಯದಕ್ಕೆ ದ್ರಾಕ್ಷಿ ಸುಗ್ಗಿ ಬಂತು. ಹಣ್ಣು ತರಲು ತಿಕೋಟಾಕ್ಕೆ ಹೋದೆ. ನಮ್ಮ ಚರ್ಚಿನ ಮುದುಕಿ ಮಾರ್ಥವ್ವ ಅಲ್ಲಿನ ತೋಟದಲ್ಲಿ ಗೊಂಚಲು ಕತ್ತರಿಸುತ್ತಿದ್ದಳು. ನಾನು ಒಂದನ್ನು ಅಂಗೈಯಲ್ಲಿ ಹಿಡಿದದ್ದೇ ತಡ, ಕೂಗಿದಳು.

“ಏ, ಹಣ್ಣಿಗಿ ಕೈ ಹಚ್ಚಬ್ಯಾಡಬೇ! ತೊಟ್ಟ ಹಿಡಿ. ಮ್ಯಾಲಿನ ಬಿಳಿ ಹುಡಿ ಹೋತಂದ್ರ ಹಣ್ಣಿನ ಚಂದಾನ ಕೆಡತೈತಿ.”

“ಇಷ್ಟ ಯಾಕ ಅಂಜತೀ ಆಯಿ?”

“ಅಂಜಬೇಕವಾ. ಚೊಲೋ ವಸ್ತುಕ್ಕ ಅಂಜೇ ಕೈ ಹಚ್ಚಬೇಕು.”

ಏನಾಯಿತೋ, ಬಳ್ಳಿಯ ನೆರಳಲ್ಲಿ ಕುಳಿತು ಎಲ್ಲ ಹೇಳಿ ಅತ್ತೆ. ಆಕೆ ಕತ್ತರಿ ಕೆಳಗಿಡಲಿಲ್ಲ.

“ನನಗೂ ಅಂಜಿಕಿ ಐತಿ, ನಿನಗೂ ಐತಿ. ನಾ ಅಂಜಿ ತೊಟ್ಟ ಹಿಡದೇನಿ. ನೀ ಅಂಜಿ ತ್ವಾಟಾನ ಬಿಟ್ಟ ಓಡಾಕತ್ತಿ. ಯೇಸಪ್ಪ ನಿನ್ನ ಉಣ್ಣಾಕ ಕರದಾನೋ, ಹೊಡ್ಯಾಕ ಕರದಾನೋ? ನೀ ಮುರದಿದ್ದು ಸುಮಿತ್ರಾನ ಮನಸ. ಆಕಿ ಮನಿಗಿ ಹೋಗು ಮದಲ.”

ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಅದೂ ಒಂದು ಕರುಣೆಯೇ. ಸುಮಿತ್ರಾ ನಿಂತುಕೊಂಡೇ ಎಲ್ಲ ಕೇಳಿದಳು.

“ಹೋಳಿಗಿ ದಪ್ಪ ಅಂದಿದ್ಕ ನನ್ನ ಮಗಳ ಸಂಬಂಧ ಮುರದೀ?”

“ಹೌದವಾ. ತಪ್ಪಾತು.”

“ನನ್ನ ಮುಂದ ಅಳಬ್ಯಾಡಕ್ಕಾ. ಸುಳ್ಳ ಎಲ್ಲಿ ಹೇಳಿದಿ, ಖರೇನೂ ಅಲ್ಲೇ ಹೇಳಿ ಬಾ. ಆಮ್ಯಾಲ ಚಾ ಮಾಡತೇನಿ.”

ಹೋದೆ ನಿಡೋಣಿಗೆ. ಹುಡುಗನ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅಂಜಿಕೆ ಹೋಗಿರಲಿಲ್ಲ. ಆದರೂ ಕಾಲು ಮುಂದಕ್ಕೇ ಹೋದವು. “ನಾ ಅವತ್ತ ಸುಳ್ಳ ಹೇಳಿದ್ದೆರಿ. ಆ ಹುಡುಗಿ ಬಂಗಾರ ಅದಾಳ,” ಎಂದೆ.

ಆಕೆ ಮೊರ ಕೆಳಗಿಟ್ಟಳು. “ನಮ್ಮ ಹುಡುಗಗ ಬ್ಯಾರೆ ಕಡೆ ನಿಶ್ಚೇ ಆಗೇತ್ರಿ. ಇಷ್ಟ ಹೇಳಾಕ ಬಂದಿರೇನು?”

“ಇಷ್ಟ ಹೇಳಾಕ ಬಂದೇನ್ರಿ.”

ಆಕೆ ಎದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು.

ಮುರಿದದ್ದು ಕೂಡಲಿಲ್ಲ, ನಿಜ. ಆದರೆ ಬಬಲೇಶ್ವರಕ್ಕೆ ಮರಳುವಾಗ ಬಸ್ಸಿನಲ್ಲಿ ನಾನು ಗೆದ್ದವಳಂತೆ ಕುಳಿತಿದ್ದೆ. ಏಳು ತಿಂಗಳಲ್ಲಿ ಮೊದಲ ಸಲ, ಕರ್ತನೇ ಎಂದು ಬೆದರದೆ ಕರೆದೆ. ಸುಮಿತ್ರಾಳ ಮನೆಯಲ್ಲಿ ರೂತ್ ಚಹಾ ತಂದಿಟ್ಟಳು.

“ಕುಡಿ ದೊಡ್ಡವ್ವಾ. ಸಕ್ರಿ ಕಡಿಮಿ ಅಂದೀ ನೋಡ ಮತ್ತ, ನಾ ಭಾಳ ಸಿಟ್ಟಿನಾಕಿ!”

ಸುಮಿತ್ರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೇ ಬಂದು ಚರ್ಚಿನಲ್ಲಿ ನನ್ನ ಪಕ್ಕ ಕುಳಿತಳು. ತಟ್ಟೆ ಬಂತು. ಕೆಮ್ಮು ಬರಲಿಲ್ಲ.

“ಕೈ ಯಾಕ ನಡಗಾಕತ್ತಾವಕ್ಕಾ?”

“ಅಂಜಿಕಿ ಐತಿ.”

“ನನಗೂ ಐತಿ. ತಗೋ.”

ಇಬ್ಬರೂ ಕುಡಿದೆವು. ಆಮೇಲಿನ ಹಾಡನ್ನು ನಾನು ಎಷ್ಟು ಗಟ್ಟಿಯಾಗಿ ಹಾಡಿದೆನೆಂದರೆ ಪಾಸ್ಟರು ಎರಡು ಸಲ ತಲೆಯೆತ್ತಿ ನೋಡಿದರು.

ಈಗಲೂ ಯಾರಾದರೂ ಇನ್ನೊಬ್ಬರ ಮಗಳ ಬಗ್ಗೆ ಕೇಳಿದರೆ ಥಟ್ಟನೆ ಬಾಯಿ ತೆರೆಯಲು ಅಂಜುತ್ತೇನೆ. ಈ ಅಂಜಿಕೆ ಬಿಡಿಸು ಎಂದು ಪ್ರಾರ್ಥಿಸುವುದಿಲ್ಲ, ಇರಲಿ ಎನ್ನುತ್ತೇನೆ. ಒಲೆ ಆರಿಸಿದ್ದೇನೆ, ರಸ ಆರುತ್ತಿದೆ. ನಾಳೆ ತಟ್ಟೆ ಬಂದಾಗ ಕೈ ನಡುಗಬಹುದು. ನಡುಗುವ ಕೈಯನ್ನೇ ಚಾಚುತ್ತೇನೆ.